ಹಗೇವಿನ ಬಾಯಿಗಿಟ್ಟ ಕಲ್ಲು

ಕಂಪ್ಲಿ
೨೧-೯-೧೯೪೨, ಸೋಮವಾರ

ನನ್ನ ಹೆತ್ತಮ್ಮನಂತಿರುವ ಅಕ್ಕ ಮರುಳಸಿದ್ದಮ್ಮನಿಗೆ ತಂಗಿ ಕೊಟ್ರಮ್ಮ ಮಾಡುವ ಶರಣು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಅವ್ವನಿಗೆ ಮೊದಲು ಒಂದು ಮಾತು ಹೇಳಿಬಿಡು. ನಮ್ಮ ತಮ್ಮ ಜಡೆಪ್ಪ ಬದುಕಿದ್ದಾನೆ. ಹೊಳೆ ದಾಟಿ ನಿಜಾಮರ ಸೀಮೆ ಸೇರಿದ್ದಾನೆ. ಉಳಿದದ್ದನ್ನು ನೀನೊಬ್ಬಳೇ ಓದಿ ಈ ಕಾಗದವನ್ನು ಒಲೆಗೆ ಹಾಕು. ಅಂಚೆಯಲ್ಲಿ ಹಾಕಿದರೆ ಒಡೆದು ನೋಡುತ್ತಾರಂತೆ. ಅದಕ್ಕೇ ಸಂಡೂರಿಗೆ ಬಳೆ ಮಾರಲು ಹೊರಟಿರುವ ಜಂಬವ್ವನ ಕೈಗೆ ಕೊಡುತ್ತಿದ್ದೇನೆ. ಅವಳಿಗೆ ಓದು ಬರುವುದಿಲ್ಲ.

ನಮ್ಮ ಮನೆಯವರು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದು ನಿನಗೆ ಗೊತ್ತು. ಹೋದ ವರ್ಷ ಬಳ್ಳಾರಿಯಲ್ಲಿ ಎದೆಯ ಅಳತೆ ಕಾಲಂಗುಲ ಕಡಿಮೆ ಬಂತೆಂದು ವಾಪಸ್ ಕಳಿಸಿದ್ದರು. ಅಂದಿನಿಂದ ದಿನಾ ಬೆಳಗ್ಗೆ ಕಾಲುವೆಯ ದಂಡೆಯ ಮೇಲೆ ಓಡಿದರು. ಬೇವಿನ ಕೊಂಬೆಗೆ ಜೋತುಬಿದ್ದು ಉಸಿರು ಹಿಡಿದರು. ನಾನು ಎದೆಗೆ ಹಗ್ಗ ಸುತ್ತಿ ಅಳೆಯುತ್ತಿದ್ದೆ. ಈ ಸಲ ಅಳತೆ, ಓಟ ಎರಡರಲ್ಲೂ ಪಾಸಾದರು. ಇನ್ನು ಉಳಿದದ್ದು ಒಂದೇ, ಊರಿಗೆ ಬಂದು ನಡತೆ ವಿಚಾರಿಸುವುದು. ಖಾಕಿ ಬಟ್ಟೆಯಲ್ಲಿ ತಾವು ಹೇಗೆ ಕಾಣಬಹುದೆಂದು ಅವರು ನನ್ನನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ.

ಈ ತಿಂಗಳ ಮೂರನೇ ತಾರೀಖು, ಗುರುವಾರ, ಅವರು ಗದ್ದೆಗೆ ಹೋದ ಮೇಲೆ ಜಡೆಪ್ಪ ಹಿತ್ತಲ ಬಾಗಿಲಿನಿಂದ ಬಂದ. ಕಾಲೆಲ್ಲ ಕೆಸರು. ಹೊಸಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆದುಕೊಂಡಿದ್ದಾನೆ ಎಂದು ನಾವೆಲ್ಲ ತಿಳಿದಿದ್ದೆವಲ್ಲ, ಅವನು ಗೆಳೆಯರ ಜೊತೆ ಚಳವಳಿಗೆ ಸೇರಿ ರೈಲು ಹಳಿಯ ಪಕ್ಕದ ತಂತಿ ಕತ್ತರಿಸಿದ್ದನಂತೆ. ಇಬ್ಬರು ಸಿಕ್ಕಿಬಿದ್ದಿದ್ದರು. ಇವನ ಹೆಸರೂ ಹೊರಬಿದ್ದಿತ್ತು. ಹರಿಗೋಲಿನಲ್ಲಿ ಆಚೆ ದಂಡೆಗೆ ಹೋಗೋಣವೆಂದರೆ ಹೊಳೆ ತುಂಬಿ ಹರಿಗೋಲು ನಿಂತಿತ್ತು. ಎರಡು ದಿನ ಇಟ್ಟುಕೋ ಅಕ್ಕಾ ಎಂದ.

ಅವನಿಗೆ ರೊಟ್ಟಿ ಕೊಟ್ಟು ತಿರುಗುವಷ್ಟರಲ್ಲಿ ಬೀದಿಯಿಂದ ಕೂಗು ಕೇಳಿತು. "ತೋಟಪ್ಪನ ಮನಿ ಇದ ಏನ್ರಿ?" ಕಿಂಡಿಯಿಂದ ಇಣುಕಿದರೆ ಪೊಲೀಸಿನ ಪಟ್ಟಿ ಸುತ್ತಿದ ಕಾಲು ಕಂಡಿತು. ನಮ್ಮ ಅಂಗಳದಲ್ಲಿ ನೆಲದಡಿ ಜೋಳ ತುಂಬುವ ಹಗೇವು ಇದೆಯಲ್ಲ, ಜೋಳ ತೆಗೆದ ಮೇಲೆ ಅದನ್ನು ಒಣಗಲು ತೆರೆದಿಟ್ಟಿದ್ದೆವು. ಜಡೆಪ್ಪ ನನ್ನ ಮುಖ ನೋಡಿ ಅದರೊಳಕ್ಕೆ ಧುಮುಕಿದ. ನಾನು ಬಾಯಿಕಲ್ಲನ್ನು ಎಳೆದು ಮುಚ್ಚಿದೆ. ಇಬ್ಬರು ಗಂಡಸರು ಸರಿಸುವ ಕಲ್ಲು ಅದು. ನನ್ನೊಬ್ಬಳ ಕೈಗೆ ಆ ಬಲ ಎಲ್ಲಿಂದ ಬಂತೋ ತಿಳಿಯದು. ಕಲ್ಲು ತನ್ನ ಹೊಂಡದಲ್ಲಿ ಕಚ್ಚಿ ಕೂತಿತು.

ಬಂದವರು ಹೆಡ್ ಕಾನ್‌ಸ್ಟೇಬಲ್ ಹೊನ್ನೂರಸ್ವಾಮಿ ಎಂಬುವರು. ವಯಸ್ಸಾದವರು, ಮಾತು ಮೆತ್ತಗೆ. ನಡತೆ ವಿಚಾರಿಸಲಷ್ಟೇ ಬಂದಿದ್ದರು. ಮನೆಯವರು ಗದ್ದೆಯಲ್ಲಿದ್ದಾರೆ ಎಂದೆ. ಬರಲಿ, ಕಾಯುತ್ತೇನೆ ಎಂದು ಹೊರಸು ಎಳೆದುಕೊಂಡು ಬೇವಿನ ನೆರಳಿಗೆ ಹಾಕಿದರು. ಆ ಹೊತ್ತಿನಲ್ಲಿ ನೆರಳು ಇದ್ದದ್ದು ಹಗೇವಿನ ಮೇಲೆಯೇ. ಹೊರಸಿನ ಒಂದು ಕಾಲು ಆ ಕಲ್ಲಿನ ಮೇಲೆ ನಿಂತಿತು.

ಅಕ್ಕಾ, ಮುಚ್ಚಿದ ಹಗೇವಿನ ಗಾಳಿ ಎಂಥದೆಂದು ನಿನಗೆ ಹೇಳಬೇಕಿಲ್ಲ. ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುವುದು. ಪಕ್ಕದ ಓಣಿಯ ಪಾಲಪ್ಪನನ್ನು ಹೋದ ವರ್ಷ ಹಾಗೇ ಹೆಣವಾಗಿ ಎತ್ತಿದರು.

ಅವರು ಕಾಗದ ಬಿಡಿಸಿ ಒಂದೊಂದೇ ಕೇಳತೊಡಗಿದರು. ಹೊಲ ಎಷ್ಟು, ಕುಡಿಯುತ್ತಾರೆಯೇ, ಯಾರ ಮೇಲಾದರೂ ಕೇಸು ಇದೆಯೇ. ಅಷ್ಟರಲ್ಲಿ ಕೆಳಗಿನಿಂದ ಗುದ್ದಿದ ಸದ್ದು ಬಂತು. ಬಹಳ ಸಣ್ಣ ಸದ್ದು. ನಾನು ತಟ್ಟನೆ ಬೀಸುಕಲ್ಲಿನ ಮುಂದೆ ಕೂತು ಜೋಳ ಹಾಕಿ ತಿರುವತೊಡಗಿದೆ. ಅಡುಗೆಗೆ ತಡವಾಗಿದೆ, ಬೀಸುತ್ತಲೇ ಹೇಳುತ್ತೇನೆ ಎಂದೆ. ಅವರು ಬೇಸರ ಮಾಡಿಕೊಳ್ಳದೆ, ಹೊಸಪೇಟೆಯಲ್ಲಿ ನಿನ್ನ ತಮ್ಮನೊಬ್ಬ ಇದ್ದಾನಲ್ಲ, ಈಚೆಗೆ ಬಂದಿದ್ದನೇ ಎಂದು ಕೇಳಿದರು. ನಾಗರಪಂಚಮಿಗೆ ಬಂದವನು ಮತ್ತೆ ಬಂದಿಲ್ಲ ಎಂದೆ. ನನ್ನ ಧ್ವನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ಅವರು ಬರೆದುಕೊಂಡರು.

ಗುದ್ದಿದಾಗ ಹೆದರಿದ್ದೆ. ಆದರೆ ನಾನು ಬೀಸುಕಲ್ಲು ನಿಲ್ಲಿಸಿ ಕಿವಿಗೊಟ್ಟಾಗ ಗುದ್ದು ನಿಂತೇ ಹೋಗಿತ್ತು. ಅಕ್ಕಾ, ಆ ಹೆದರಿಕೆಯನ್ನು ಹೇಗೆ ಬರೆಯಲಿ? ಅವನು ಅಲ್ಲಿ ಸಾಯುತ್ತಿದ್ದಾನೆ, ನಾನು ಇಲ್ಲಿ ಹಿಟ್ಟು ಬೀಸುತ್ತಿದ್ದೇನೆ. ನಿಜ ಹೇಳಿ ಕಲ್ಲು ತೆಗೆಸಿಬಿಡೋಣ, ಜೈಲಿಗಾದರೂ ಹೋಗಲಿ, ಜೀವ ಉಳಿಯಲಿ ಅನ್ನಿಸಿತು. ಬಾಯಿ ತೆರೆದೆ. ಅದೇ ಹೊತ್ತಿಗೆ ಅವರು, ಗಂಡನಿಗೆ ಹಳೆಯ ರೋಗ ರುಜಿನ ಏನಾದರೂ ಇದೆಯೇ ಎಂದು ಕೇಳಿದರು.

ಮೂರ್ಛೆರೋಗ ಇದೆ ಎಂದುಬಿಟ್ಟೆ. ಎಲ್ಲೆಂದರಲ್ಲಿ ಬೀಳುತ್ತಾರೆ, ಬಾಯಲ್ಲಿ ನೊರೆ ಬರುತ್ತದೆ, ಬಳ್ಳಾರಿಯವರಿಂದ ಮುಚ್ಚಿಟ್ಟಿದ್ದಾರೆ ಎಂದೆ.

ಅವರ ಪೆನ್ಸಿಲು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. "ತಂಗೀ, ಇದನ್ನ ಬರದ್ರ ಅವನ ನೌಕರಿ ಹೋತು. ಬರೀಲೇನು?"

"ಬರೀರಿ" ಎಂದೆ.

ಬರೆದು ಮಡಚಿ ಎದ್ದರು. ಅರ್ಜಿಯೇ ಬಿದ್ದುಹೋದ ಮೇಲೆ ಕಾಯುವ ಕೆಲಸ ಇನ್ನೇನಿತ್ತು? ಕುಡಿಯಲು ನೀರು ಕೇಳಿದರು. ಅದನ್ನು ಕುಡಿದು ಮುಗಿಸುವವರೆಗೆ ನಾನು ಸತ್ತು ಹುಟ್ಟಿದೆ.

ಅವರು ಓಣಿ ತಿರುಗಿದ್ದೇ ತಡ, ಹಾರೆ ತಂದು ಕಲ್ಲಿಗೆ ಕೊಟ್ಟೆ. ಅಲುಗಲಿಲ್ಲ. ಕೂಗಿದರೆ ಒಳಗಿನಿಂದ ಉತ್ತರವಿಲ್ಲ. ಬೀದಿಯವರನ್ನು ಕರೆಯುವ ಹಾಗೂ ಇಲ್ಲ. ಎರಡು ಉಗುರು ಕಿತ್ತು ರಕ್ತ ಬಂದದ್ದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನಮ್ಮ ಮನೆಯವರು ಓಡುತ್ತ ಬಂದರು, ಮೈಯೆಲ್ಲ ಬೆವರು. ಒಳಗೆ ಜಡೆಪ್ಪ ಎಂದಷ್ಟೇ ಹೇಳಿದೆ. ಹಾರೆ ಕಸಿದುಕೊಂಡು ಕಲ್ಲು ಮೀಟಿದರು. ಗಾಳಿಯಾಡಲಿ, ದೀಪ ತರುತ್ತೇನೆ ಎಂದು ನಾನು ಅಂಗಲಾಚುತ್ತಿದ್ದಂತೆಯೇ ಬಾಯಿಗೆ ಹಸಿ ಬಟ್ಟೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಇಳಿದರು. ಜಡೆಪ್ಪನನ್ನು ಹೆಗಲಿಗೆ ಹಾಕಿ ಮೇಲಕ್ಕೆ ತಳ್ಳಿದರು, ನಾನು ತೋಳು ಹಿಡಿದು ಎಳೆದೆ. ತುಟಿ ನೀಲಿಯಾಗಿತ್ತು. ಎದೆ ತಿಕ್ಕಿದೆವು, ಮುಖಕ್ಕೆ ನೀರು ಎರಚಿದೆವು. ಕೊನೆಗೆ ಕೆಮ್ಮಿದ.

ಎರಡು ದಿನ ಅವನನ್ನು ದನದ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟುಕೊಂಡೆವು. ಹೊಳೆ ಇಳಿದ ಮೇಲೆ ಅವರೇ ಜೊತೆಗೆ ಹೋಗಿ ಹರಿಗೋಲು ಹತ್ತಿಸಿ ಬಂದರು. ಅವನನ್ನು ಒಂದು ಮಾತೂ ಬಯ್ಯಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಬಂದು ಹೋದರು ಎಂದು ನಾನು ಹೇಳಿದಾಗ "ಹೂಂ" ಎಂದರಷ್ಟೆ. ನಾನು ಹೇಳಿದ ಸುಳ್ಳಿನ ವಿಷಯ ನನ್ನ ಬಾಯಿಗೆ ಬರಲಿಲ್ಲ.

ಮೊನ್ನೆ ಶುಕ್ರವಾರ ಬಳ್ಳಾರಿಯಿಂದ ಕಾಗದ ಬಂತು. ದೇಹಸ್ಥಿತಿಯ ಕಾರಣದಿಂದ ಅರ್ಜಿ ತಿರಸ್ಕರಿಸಿದೆ ಎಂದಿತ್ತು. ಇನ್ನು ಮುಂದೆಯೂ ಅರ್ಜಿ ಹಾಕುವಂತಿಲ್ಲವಂತೆ. ಅವರು ಅದನ್ನು ಎರಡು ಸಲ ಓದಿ ಜಂತಿಯ ಸಂದಿಯಲ್ಲಿ ಸಿಕ್ಕಿಸಿದರು. ಅಂದಿನಿಂದ ಬೆಳಗ್ಗೆ ಓಡಲು ಹೋಗುವುದಿಲ್ಲ. ಊಟಕ್ಕೆ ಕೂತಾಗ ನನ್ನನ್ನೇ ನೋಡುತ್ತಾರೆ, ನಾನು ನೋಡಿದರೆ ತಲೆ ತಗ್ಗಿಸುತ್ತಾರೆ. ಊರಲ್ಲಿ ಆಗಲೇ ಗುಸುಗುಸು ಹಬ್ಬಿದೆ. ಬಾವಿಯ ಹತ್ತಿರ ಸಂಗಮ್ಮ, ನಿನ್ನ ಗಂಡನಿಗೆ ಫಿಟ್ಸ್ ಬರುತ್ತದಂತೆ ಹೌದೇ ಎಂದು ಎಲ್ಲರೆದುರು ಕೇಳಿದಳು. ಕೊಡ ಅರ್ಧ ತುಂಬಿಸಿಕೊಂಡು ಬಂದುಬಿಟ್ಟೆ.

ಪೊಲೀಸರು ಮತ್ತೆ ಬಂದಾರೆಂದು ಬಾಗಿಲು ಅಲ್ಲಾಡಿದರೆ ಬೆಚ್ಚುತ್ತೇನೆ. ಆದರೆ ಅದಕ್ಕಿಂತ ಹೆದರಿಕೆ ನನ್ನ ಗಂಡನ ಮೌನದ್ದು. ತಮ್ಮನಿಗಾಗಿ ಅವರ ಬಾಳನ್ನು ನಾನೇ ಒಂದು ಮಾತಿನಲ್ಲಿ ಮುರಿದೆ. ಹೇಳಿದರೆ ಮನೆಯಿಂದ ಹೊರಹಾಕಿದರೂ ಹಾಕಬಹುದು. ಹೇಳದಿದ್ದರೆ ಈ ನೋಟದ ಎದುರಿಗೆ ಎಷ್ಟು ದಿನ ಅನ್ನ ಬಡಿಸಲಿ? ನೀನು ದೊಡ್ಡವಳು. ಏನು ಮಾಡಲೆಂದು ಜಂಬವ್ವನ ಬಾಯಲ್ಲಿ ಒಂದೇ ಮಾತು ಹೇಳಿ ಕಳಿಸು. 'ಹೇಳು' ಅಥವಾ 'ಬ್ಯಾಡ', ಅಷ್ಟು ಸಾಕು.

ಅವ್ವನ ಪಾದಕ್ಕೆ ಶರಣು.

ನಿನ್ನ ದಾರಿ ಕಾಯುವ ತಂಗಿ,
ಕೊಟ್ರಮ್ಮ

ತಾ.ಕ.: ಜಂಬವ್ವ ಹೊರಡುವುದು ಒಂದು ದಿನ ತಡವಾಯಿತು. ನಿನ್ನ ಉತ್ತರಕ್ಕೆ ಕಾಯಲು ನನ್ನಿಂದ ಆಗಲಿಲ್ಲ. ಇವತ್ತು ಮಧ್ಯಾಹ್ನ ಮನೆಯವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಹೇಳಿದರು: "ಅವತ್ತ ಕಾಲುವಿ ದಂಡಿ ಮ್ಯಾಲ ಹೊನ್ನೂರಸ್ವಾಮಿ ಸಿಕ್ಕಿದ್ರು. ನಿನ್ನ ಹೇಣ್ತಿ ಹಿಂಗ ಅಂದ್ಲು, ಖರೆ ಏನು ಅಂತ ಕೇಳಿದ್ರು. ಖರೇ ಐತ್ರಿ ಅಂದೆ. ಇಲ್ಲ ಅಂದಿದ್ರ ಅವರು ತಿರುಗಿ ಮನಿಗೆ ಬರ್ತಿದ್ರು. ನೀ ಸುಮ್ನ ಹಂಗ ಅನ್ನಾಕಿ ಅಲ್ಲ, ಮನ್ಯಾಗ ಏನೋ ಆಗೇತಿ ಅಂತ ಓಡಿ ಬಂದೆ."

ಇಷ್ಟು ದಿನ ಯಾಕೆ ಬಾಯಿಬಿಡಲಿಲ್ಲ ಎಂದು ಅಳುತ್ತ ಕೇಳಿದೆ.

"ನೀನ ಹೇಳ್ತಿ ಅಂತ ಕಾದೆ" ಎಂದರು.