ಒಂದೇ ಹಲಗೆಯಿಂದ ಬಿದ್ದವರು

ಮಾರ್ಚ್ ೯, ಮಂಗಳವಾರ

ಪ್ರೀತಿಯ ಅಕ್ಕಾ,

ನೀನು ಮುನಿಸಿಕೊಂಡು ಚಿಕ್ಕಮ್ಮನ ಮನೆಗೆ ಹೋಗಿ ನಲವತ್ತು ದಿನವಾಯಿತು. ಫೋನ್ ಮಾಡಿದರೆ ಚಿಕ್ಕಮ್ಮನೇ ಎತ್ತಿ, ಅವಳು ಮಲಗಿದಾಳೆ ಕಣೇ, ಅನ್ನುತ್ತಾಳೆ. ಬೆಳಿಗ್ಗೆ ಹನ್ನೊಂದಕ್ಕೂ ಮಲಗಿರುತ್ತೀಯಾ? ಇರಲಿ, ಕಾಗದವಾದರೆ ಮಲಗಿಕೊಂಡೇ ಓದಬಹುದು.

ನಿನ್ನೆ ನಿನ್ನ ರಕ್ತಪರೀಕ್ಷೆಯ ವರದಿ ತರಲು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು. ತಲೆಗೆ ಪೆಟ್ಟು ಬಿದ್ದ ಮೇಲೆ ಮಿದುಳಿನೊಳಗೆ ರಿಪೇರಿ ಶುರುವಾಗುತ್ತದಂತೆ. ಅದಕ್ಕೆ ಬೇಕಾದ ಸಾಮಾನು ಹೊತ್ತು ಹಾಕಲು ಒಂದು ಪ್ರೋಟೀನ್ ಇದೆಯಂತೆ. ಅದನ್ನು ಮಾಡಿಸುವ ವಂಶವಾಹಿ ಎಲ್ಲರಲ್ಲೂ ಒಂದೇ ಬಗೆಯದಲ್ಲ. ನಿನಗೆ ಬಂದಿರುವ ಬಗೆಯಲ್ಲಿ ಆ ಹಮಾಲಿ ತುಸು ಮೈಗಳ್ಳ. ಮೈಗಳ್ಳ ಅವನು ಅಕ್ಕಾ, ನೀನಲ್ಲ. ಅದೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ, ಪೆಟ್ಟು ಎಷ್ಟು ಜೋರು ಅನ್ನುವುದೂ ಮುಖ್ಯ, ಅಂತಲೂ ಹೇಳಿದರು. ಹೂಂ ಅಂದು ಎದ್ದು ಬಂದೆ.

ಶಾಲೆಯ ಗೋಡೆಗೆ ಬಣ್ಣ ಬಳಿಯುವಾಗ ನೀನು ಬಳಿದ ಗೋಡೆಗೇ ಮೂರು ಸಲ ಬಳಿದು, ಎದುರಿನದನ್ನು ಹಾಗೇ ಬಿಟ್ಟೆಯಲ್ಲ, ಆವತ್ತು ನಾನು ಮೇಸ್ತ್ರಿಯ ಎದುರಿಗೇ ಕೂಗಾಡಿದೆ. ನಾನೂ ನಿನ್ನ ಜೊತೆ ಅದೇ ಸಾರುವೆ ಹಲಗೆಯಿಂದ ಬಿದ್ದವಳೇ, ಮೂರೇ ವಾರಕ್ಕೆ ಬ್ರಷ್ ಹಿಡೀಲಿಲ್ವಾ, ಎಂಟು ತಿಂಗಳಾಯ್ತು, ನಾಟಕ ಸಾಕು ಮೈಗಳ್ಳಿ, ಅಂದೆ. ನೀನು ಬಕೆಟ್ ಮೆಲ್ಲಗೆ ಕೆಳಗಿಟ್ಟು, ನಾಟಕ ಆಡೋಕೂ ಮಾತು ನೆನಪಿರ್ಬೇಕು ಕಣೇ, ಅಂದೆ. ಮೇಸ್ತ್ರಿ ನಕ್ಕ. ನಾನೂ ನಕ್ಕೆ. ಸಂಜೆ ಮನೆಗೆ ಬಂದರೆ ನಿನ್ನ ಚೀಲ ಇರಲಿಲ್ಲ.

ತಪ್ಪಾಯಿತು. ಬಾರೇ ಅಕ್ಕಾ. ಬಳಿದ ಗೋಡೆಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ನಿನ್ನ ಹಿಂದೆಯೇ ಬರುತ್ತೇನೆ. ನೀನಿಲ್ಲದೆ ನಾನು ಕಲಸಿದ ಹಳದಿ ನೋಡಿ ಮನೆಯೊಡತಿ, ಗೋಡೆಗೇ ಕಾಮಾಲೆ ಬಂದ ಹಾಗಿದೆ, ಅಂದಳು. ವೈದ್ಯರು ಕೊಟ್ಟ ವ್ಯಾಯಾಮ, ಪದ ನೆನಪಿಡುವ ಆಟ, ಎಲ್ಲ ಜೊತೆಗೇ ಮಾಡೋಣ. ನಿಧಾನವಾಗಿಯಾದರೂ ಸುಧಾರಿಸುತ್ತದೆ ಅಂದಿದ್ದಾರೆ.

ನಿನ್ನ ದಾರಿ ನೋಡುವ,
ಬಾಯಿಬಡುಕಿ ತಂಗಿ

ಮಡಿಸಿದ ಕಾಗದ ಮತ್ತೆ ಬಿಚ್ಚಿ ಬರೆದದ್ದು: ನನ್ನ ರಕ್ತವನ್ನೂ ಪರೀಕ್ಷೆಗೆ ಕೊಟ್ಟಿದ್ದೆ. ನನ್ನದೂ ನಿನ್ನ ಬಗೆಯೇ ಅಕ್ಕಾ. ಹಾಗಿದ್ದೂ ನಾನು ಅಷ್ಟು ಬೇಗ ಹೇಗೆ ಎದ್ದೆ ಅಂತ ಡಾಕ್ಟರಮ್ಮ ಕೇಳಿದರು. ಗೊತ್ತಿಲ್ಲ ಅಂದೆ. ಗೊತ್ತು. ಬಿದ್ದ ಗಳಿಗೆ ನಿನಗೆ ನೆನಪಿಲ್ಲ, ನನಗಿದೆ. ನೀನು ಸಿಮೆಂಟ್ ನೆಲದ ಮೇಲೆ ಬಿದ್ದೆ. ನಾನು ನಿನ್ನ ಮೇಲೆ ಬಿದ್ದೆ.