ಗೋಡೆಯಲ್ಲಿ ನಿನ್ನ ಜಾಗ

ಮುಲ್ಗಾ ಕ್ರೀಕ್, ಪಶ್ಚಿಮ ಆಸ್ಟ್ರೇಲಿಯಾ
ಆಗಸ್ಟ್ ೧೪, ಬುಧವಾರ

ಪ್ರೀತಿಯ ಅಜ್ಜೀ,

ಹೇಗಿದ್ದೀಯಾ? ಡಯಾಲಿಸಿಸ್ ಆದ ದಿನ ಕೈ ನಡುಗುವುದು ಕಡಿಮೆಯಾಯಿತೇ? ಗಾಲಿಕುರ್ಚಿಯ ಬ್ರೇಕು ರಿಪೇರಿಯಾಯಿತೋ, ಇನ್ನೂ ಆ ಪರ್ತ್ ಆಸ್ಪತ್ರೆಯವರಿಗೆಲ್ಲ ಬೈಯುತ್ತಲೇ ಇದ್ದೀಯೋ? ನಿನ್ನ ನಾಯಿ ನನ್ನ ಹಾಸಿಗೆಯನ್ನು ತನ್ನದು ಮಾಡಿಕೊಂಡಿದೆ. ನಾನು ಶಾಲೆಗೆ ವಾಪಸು ಹೋಗಿಲ್ಲ. ಹೋಗುತ್ತೇನೆಂದು ಸುಳ್ಳು ಬರೆಯುವುದೂ ಇಲ್ಲ. ಆದರೆ ದಿನಾ ಬೆಳಗ್ಗೆ ಬೇಗ ಏಳುತ್ತಿದ್ದೇನೆ. ಅಮ್ಮನಿಗೇ ನಂಬಿಕೆ ಬರುತ್ತಿಲ್ಲ.

ಏಳುವುದು ಗೋಡೆಗಾಗಿ. ಕರಾವಳಿಯಿಂದ ವರ್ನಾ ಆಂಟಿ ಎಂಬ ಚಿತ್ರಗಾರ್ತಿ ಬಂದಿದ್ದಾರೆ. ನಮ್ಮ ಮೂಲನಿವಾಸಿ ಜನವೇ, ಆದರೆ ಬೇರೆ ನೆಲದವರು. ಅಂಗಡಿ ಪಕ್ಕದ ಉದ್ದ ಗೋಡೆಗೆ ಊರಿನ ಹುಡುಗ ಹುಡುಗಿಯರಿಂದಲೇ ಚಿತ್ರ ಬರೆಸುತ್ತಿದ್ದಾರೆ. ಮೊದಲ ದಿನವೇ ನನ್ನ ಕೈಗೆ ಬ್ರಷ್ ಕೊಟ್ಟು, "ಒಂದ್ಕಡೆ ಕೂರೋಕಾಗಲ್ವಲ್ಲ ನಿಂಗೆ? ಏಣಿ ಹತ್ತು, ನಿನ್ನಂಥೋಳೇ ಬೇಕಿತ್ತು" ಅಂದರು. ಮರಳುದಿಬ್ಬ, ಉಡದ ಹೆಜ್ಜೆ, ಮಳೆ ಬಿದ್ದ ಮೇಲಿನ ಹೂವು ಎಲ್ಲ ಬಂದಿವೆ. ಗೋಡೆಯ ನಡುಭಾಗದಲ್ಲಿ ನೀನು ಹೇಳುತ್ತಿದ್ದ ನೀರಿನ ಹೊಂಡದ ಕಥೆ ಬರೆಯೋಣ, ನನಗೆ ಪೂರ್ತಿ ಗೊತ್ತು ಎಂದೆ. ಆಂಟಿ ಬ್ರಷ್ ಕೆಳಗಿಟ್ಟರು. "ಕಥೆ ಗೊತ್ತಿರೋದು ಬೇರೆ, ಕಥೆ ನಮ್ದಾಗೋದು ಬೇರೆ, ಮಗಳೇ. ಅದು ನಿಮ್ಮಜ್ಜೀದು. ಅವರು ಹೂಂ ಅನ್ನೋವರೆಗೂ ಅಲ್ಲಿ ಒಂದು ಚುಕ್ಕೆನೂ ಇಡಲ್ಲ."

ಅಲ್ಲಿಗೆ ಬರೀ ಕೆಮ್ಮಣ್ಣಿನ ಬಣ್ಣ ಬಳಿದು ಬಿಟ್ಟಿದ್ದೇವೆ. ನಿನ್ನೆ ಪುರಸಭೆಯವನು ಬಂದು, "ಶನಿವಾರ ಉದ್ಘಾಟನೆ ಇದೆ, ಅಲ್ಲೊಂದು ಕಾಂಗರೂ ಹಾಕ್ಬಿಡ್ರಮ್ಮ" ಅಂದ. "ನಿಮ್ಮ ಮುಖಾನೇ ಹಾಕ್ಲಾ?" ಅಂದೆ. ಆಂಟಿ ಬೈಯಲಿಲ್ಲ, ಆ ಕಡೆ ತಿರುಗಿ ನಕ್ಕರು.

"ಒಂದು ಫೋನ್ ಮಾಡಿ ಕೇಳೇ" ಅನ್ನುತ್ತಾಳೆ ಅಮ್ಮ. ಫೋನಿನಲ್ಲಾದರೆ ನನ್ನ ದನಿ ಕೇಳಿದ ಕೂಡಲೇ ನೀನು ಹೂಂ ಅಂದುಬಿಡುತ್ತೀಯ. ಅದು ನನಗೆ ಬೇಡ, ಅದಕ್ಕೇ ಬರೆದೆ. ಶನಿವಾರದೊಳಗೆ ಈ ಪತ್ರ ನಿನಗೆ ಮುಟ್ಟುವುದಿಲ್ಲ. ಮುಟ್ಟದಿರಲಿ, ಜಾಗ ಖಾಲಿಯಿಟ್ಟೇ ಉದ್ಘಾಟನೆಯಾಗಲಿ. ಬೇಡ ಅನ್ನಿಸಿದರೆ ಬೇಡವೆನ್ನು. ಯಾರು ಕೇಳಿದರೂ "ಅದು ನಮ್ಮಜ್ಜೀದು" ಅನ್ನುತ್ತೇನೆ.

ನಿನ್ನ ಎರಡೂ ಕೈಗೆ ಮುತ್ತು, ನಾಯಿಯದೂ ಸೇರಿಸಿ.

ನಿನ್ನ
ಲೆಟೀಶಾ

ತಾ.ಕ.: ಅಂಚೆ ಗಾಡಿ ಬಂದು ನಿಂತಿದೆ. ಡಯಾಲಿಸಿಸ್ ಯಂತ್ರವಿರುವ ಲಾರಿ ಮುಂದಿನ ತಿಂಗಳು ನಮ್ಮೂರಿಗೆ ಬರುತ್ತದಂತೆ. ಹೆಸರು ಕೊಟ್ಟವರು ಊರಿಗೆ ಬಂದು ಹೋಗಬಹುದಂತೆ. ಹೆಸರು ಕೊಡು ಅಜ್ಜೀ. ನಡುವಿನ ಆ ಖಾಲಿ ಜಾಗವನ್ನು ತಗ್ಗಿನಲ್ಲೇ ಇರುವಂತೆ ಉಳಿಸಿದವಳು ನಾನೇ. ಅಮ್ಮನನ್ನು ಅಡುಗೆಮನೆಯ ಕುರ್ಚಿ ಸಮೇತ ಗೋಡೆ ಮುಂದೆ ಕೂರಿಸಿ ನೋಡಿದ್ದೇನೆ, ಗಾಲಿಕುರ್ಚಿಯಲ್ಲಿ ಕೂತಲ್ಲಿಂದಲೇ ಬ್ರಷ್ ಹಿಡಿದ ನಿನ್ನ ಕೈಗೆ ಎಟಕುತ್ತದೆ.