ಅಪೊಲೋನಿಯಾಳ ಮಣ್ಣಿಗೆ ಹೋಗಿಬಂದೆ

ಅಮ್ಮಾ,

ನಿನ್ನ ವಿರುದ್ಧ ಸಾಕ್ಷಿ ಹೇಳಿದ್ದಳಲ್ಲ, ಪಕ್ಕದ ಮನೆಯ ಅಪೊಲೋನಿಯಾ, ಅವಳನ್ನು ಇವತ್ತು ಮಣ್ಣು ಮಾಡಿದರು. ಬಾಂಬರ್ಗಿನ ಜನರೆಲ್ಲ ಗುಂಡಿ ಬಿಟ್ಟು ನನ್ನ ಕಣ್ಣನ್ನೇ ನೋಡುತ್ತಿದ್ದರು. ಮಾಟಗಾತಿಗೆ ಕಣ್ಣೀರು ಬರುವುದಿಲ್ಲವಂತೆ. ನ್ಯಾಯಾಧೀಶರ ಮುಂದೆ ಅಳಲಿಲ್ಲವೆಂದೇ ತಾನೆ ನಿನ್ನನ್ನು ಸುಟ್ಟದ್ದು? ಅವಳಿಗಾಗಿ ಸುರಿಸಲು ನನ್ನಲ್ಲಿ ಒಂದು ಹನಿಯೂ ಇರಲಿಲ್ಲ. ನಮ್ಮ ತೋಟದ ಈರುಳ್ಳಿ ಹೆಚ್ಚಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿದ್ದೆ. ಕಣ್ಣಿಗೆ ಒತ್ತಿಕೊಂಡೆ, ಧಾರಾಕಾರ ಸುರಿಯಿತು.

"ನೋಡ್ರೇ, ಹೆಂಗ್ ಅಳ್ತಿದಾಳೆ! ಪಾಪ, ಇವಳು ಅವರಮ್ಮನ ಥರ ಅಲ್ಲ ಕಣ್ರೇ," ಅಂದಳು ರೊಟ್ಟಿ ಮಾರುವ ವಾಲ್ಬುರ್ಗಾ. ತಲೆ ಸವರಿ, ಒಂದು ರೊಟ್ಟಿ ಕೈಗಿತ್ತಳು.

ಅದು ಮೇಜಿನ ಮೇಲೆ ಹಾಗೇ ಇದೆ. ಹಂಚಿಕೊಂಡು ತಿನ್ನಲು ಯಾರಿದ್ದಾರೆ?

ನಿನ್ನನ್ನು ವಿಚಾರಣೆಗೆ ಎಳೆದೊಯ್ದ ದಿನ ಅಡುಗೆಮನೆಯಲ್ಲಿ ಬುಟ್ಟಿ ತುಂಬ ಈರುಳ್ಳಿ ಇತ್ತಮ್ಮ.